ಪಾಚಿ ಡಬ್ಬಿಗೆ ಗಂಟು ಹಾಕಿದ್ದು

ಏನನ್ನೂ ಮುಟ್ಟದೆ ಸುಮ್ಮನಿರುವುದು ಜಗತ್ತಿನಲ್ಲೇ ಸುಲಭದ ಕೆಲಸ. ನನ್ನ ತಂಗಿ ಪಲ್ಲವಿ ನನಗೆ ಒಪ್ಪಿಸಿದ್ದು ಅದೊಂದನ್ನೇ. ಅದೂ ನನ್ನ ಕೈಲಿ ಆಗಲಿಲ್ಲ!

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಜನ್ನಾಪುರದಲ್ಲಿ ಇಡ್ಲಿ-ದೋಸೆ ಹೋಟೆಲು ಇಟ್ಟವನು. ಅವಳು ಎಂ.ಎಸ್ಸಿ. ಕಾರವಾರದಿಂದ ಕಡಲ ಪಾಚಿ ತಂದು, ಅರೆದು, ಯೀಸ್ಟ್ ಬೆರೆಸಿ, ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹುದುಗು ಬರಲು ಇಟ್ಟಿದ್ದಳು. ಅದರಿಂದ ಇಂಧನ ತೆಗೆಯಬಹುದಂತೆ. ಕಾಲೇಜಿನ ಲ್ಯಾಬಿಗೆ ರಜೆ. ನಮ್ಮ ಹಿಟ್ಟಿನ ಕೋಣೆ ಬೆಚ್ಚಗಿರುತ್ತದೆಂದು ಡಬ್ಬಿ ಅಲ್ಲಿಗೆ ಬಂತು. ಮುಚ್ಚಳದಿಂದ ಹೊರಟ ಸಣ್ಣ ಪೈಪು ನೀರಿನ ಲೋಟದಲ್ಲಿ ಮುಳುಗಿ ಗುಳುಗುಳು ಅನ್ನುತ್ತಿತ್ತು.

"ಅಣ್ಣ, ಸೋಮವಾರ ಮೇಡಂಗೆ ತೋರಿಸ್ಬೇಕು. ಪೈಪ್ ಮಾತ್ರ ಮುಟ್ಬೇಡ, ನಿನ್ನ ದಮ್ಮಯ್ಯ" ಎಂದು ಹೇಳಿ, ರಿಪೋರ್ಟ್ ಪ್ರಿಂಟ್ ಮಾಡಿಸಲು ಶಿವಮೊಗ್ಗದ ಬಸ್ಸು ಹತ್ತಿದಳು.

"ಹುಳಿ ಬರಿಸೋದನ್ನ ನನಗೇ ಹೇಳಿಕೊಡ್ತಾಳೆ!" ಎಂದು ಗಿರಾಕಿಗಳ ಮುಂದೆ ಆಡಿಕೊಂಡೆ. "ಕಡಲ ಕಸದಲ್ಲಿ ಗಾಡಿ ಓಡಿಸ್ತಾಳಂತೆ. ಹಾಗಿದ್ರೆ ನನ್ನ ದೋಸೆ ಹಿಟ್ಟಲ್ಲಿ ಲಾರಿನೇ ಓಡ್ಬೇಕಿತ್ತು!"

ಎಲ್ಲರೂ ನಕ್ಕರು. ನ್ಯೂ ಟೌನಿನಿಂದ ಬರುವ ನಿವೃತ್ತ ಮೇಷ್ಟ್ರು ಮಾತ್ರ ಮೂಗು ಹಿಡಿದರು. "ಮಾರಾಯ, ಸಾಂಬಾರಿಗೆ ಮೀನು ಬಿಟ್ಟೆಯಾ?"

ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಬರೆಸಿದವನಿಗೆ ಎಂಥ ಮಾತು! ಒಳಗೆ ಹೋದವನೇ ಪಾಚಿಯ ನಾತ ಹೊರಬರದಂತೆ ಪೈಪು ಮಡಚಿ, ಪಾರ್ಸೆಲ್ ದಾರದಿಂದ ಬಿಗಿಯಾಗಿ ಕಟ್ಟಿದೆ. ಗುಳುಗುಳು ನಿಂತಿತು.

"ರೀ, ಅದು ಪಲ್ಲವಿದು" ಎಂದಳು ಹೆಂಡತಿ ಸರೋಜ.

"ನೀನು ಚಟ್ನಿ ನೋಡು."

ಮರುದಿನ ಭಾನುವಾರ, ಹೋಟೆಲು ತುಂಬಿತ್ತು. ಡಬ್ಬಿ ಪೂರಿಯಂತೆ ಉಬ್ಬಿದ್ದನ್ನು ಕಂಡು ಸರೋಜ ಕೂಗುವಷ್ಟರಲ್ಲಿ, ಢಂ! ಮುಚ್ಚಳ ಸೂರಿಗೆ ಹಾರಿತು. ಹಸಿರು ಗಂಜಿ ಗೋಡೆಗೆ, ಹಿಟ್ಟಿಗೆ, ನನ್ನ ಮುಖಕ್ಕೆ, ಬಾಗಿಲು ದಾಟಿ ಮೇಷ್ಟ್ರ ಬಿಳಿ ಪಂಚೆಗೆ!

"ಲಾರಿ ಹೊರಡ್ತಲ್ಲ ಮಾರಾಯ!" ಎಂದರು ಮೇಷ್ಟ್ರು.

ಸಂಜೆ ಪಲ್ಲವಿ ಬಂದಳು. ಡಬ್ಬಿ ಹಳೆಯದು ಅಂದೆ. ಸೆಕೆ ಜಾಸ್ತಿ ಅಂದೆ. ಕೊನೆಗೆ ಬೆಕ್ಕು ಅಂದೆ. ಅವಳು ನೆಲದ ಮೇಲಿನ ಪೈಪು ಎತ್ತಿಕೊಂಡಳು. ಗಂಟು ಹಾಗೇ ಇತ್ತು.

"ಅಣ್ಣ, ಹಿಟ್ಟಿನ ಪಾತ್ರೆಗೆ ಬಿಗಿ ಮುಚ್ಚಳ ಹಾಕ್ತೀಯಾ?"

"ಇಲ್ಲಪ್ಪ. ಉಬ್ಬುತ್ತಲ್ಲ..."

ಹುದುಗಿನ ಮಹಾಪಂಡಿತ ತಾನೇ ಹಾಕಿದ ಗಂಟನ್ನು ನೋಡಿದ.

"ಮತ್ತೆ ಕಾರವಾರದಿಂದ ಶುರು ಮಾಡ್ಬೇಕು" ಎಂದಷ್ಟೇ ಹೇಳಿ ಗೋಡೆ ಒರೆಸತೊಡಗಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡು, ನಿನ್ನೆ ನಕ್ಕ ಗಿರಾಕಿಗಳಿಗೂ ಕೇಳುವಂತೆ ಹೇಳಿದೆ:

"ತಪ್ಪಾಯ್ತು ಕಣೇ. ಪಾಚಿ ಹೊರೋಕೆ ನಾನೂ ಬರ್ತೀನಿ. ಕಟ್ಟಬೇಕಾಗಿದ್ದು ಪೈಪಲ್ಲ, ನನ್ನ ಬಾಯಿ."