ಬರ್ಫದ ಡಬ್ಬಿಯ ಬೀಗರು

ಒಂದೇ ಒಂದು ಸುಳ್ಳು ಹೇಳಿದ್ದರೆ ಗೌರೀಶನ ದಿನ ಸುಖವಾಗಿ ಕಳೆಯುತ್ತಿತ್ತು. ಯಲಬುರ್ಗಾ ಸೀಮೆಗೆ ಬಂದ ಆರೋಗ್ಯ ಸಹಾಯಕ. ಹೊಸ ನೌಕರಿ, ಬಾಯಿ ತುಂಬ ಸತ್ಯ. ಪಾರಮ್ಮನ ಮನೆಯ ಕಟ್ಟೆಯ ಮೇಲೆ ಲಸಿಕೆ ಡಬ್ಬಿ ಇಳಿಸಿ, "ಕ್ಷಯ ಬರದಂಗ ಕೂಸಿಗೆ ಬಿಸಿಜಿ ಲಸಿಕೆ ಹಾಕಬೇಕ್ರಿ. ಇದರಾಗ ಕ್ಷಯದ ಜಾತಿಯ ಜೀವಂತ ಹುಳ ಅದಾವು," ಎಂದುಬಿಟ್ಟ.

ಪಾರಮ್ಮ ಮೊಮ್ಮಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳ ಮಗನನ್ನು ಕೆಮ್ಮಿಸಿ ಕೆಮ್ಮಿಸಿ ಕೊಂದದ್ದು ಅದೇ ಕ್ಷಯ. ಈ ಕೂಸು ಅವನದೇ, ಅಪ್ಪನ ಮುಖ ಕಾಣದ್ದು.

"ಆ ಸುಡುಗಾಡು ಜಡ್ಡನ್ನ ಸೂಜಿಲೆ ಹಾಕಾಕ ಬಂದಿಯೇನೋ ಯಪ್ಪಾ?"

"ಇವು ಹಲ್ಲು ಕಿತ್ತ ನಾಯಿ ಇದ್ದಂಗ ಯವ್ವಾ. ಬೊಗಳ್ತಾವು, ಕಚ್ಚಂಗಿಲ್ಲ. ಇವನ್ನ ನೋಡಿ ಕೂಸಿನ ಮೈ ಈಗಿಂದನ ಬಡಿಗಿ ಹಿಡಿಯಾಕ ಕಲೀತೈತಿ."

ಪಕ್ಕದ ಮನೆಯ ಅಮರಮ್ಮ ಕರೆಯದೆಯೇ ಬಂದು ಡಬ್ಬಿಯೊಳಗೆ ಇಣುಕಿದಳು. "ಜೀವಂತ ಅಂತಿ, ಬರ್ಫದಾಗ ಇಟ್ಟೀಯಲ್ಲ! ನಡಗಿ ಸಾಯ್ತಾವ!"

ಗೌರೀಶ ನಕ್ಕು, ಉಳಿದ ಕೂಸುಗಳನ್ನು ಕರೆಯಲು ಓಣಿ ಸುತ್ತಿ ಬಂದ. ಅಷ್ಟರಲ್ಲಿ ಪಾರಮ್ಮನ ಮನಸ್ಸು ಕರಗಿತ್ತು. ಲಸಿಕೆಯ ಸೀಸೆಗಳೆಲ್ಲ ಒಲೆಯ ಮಗ್ಗುಲಲ್ಲಿ ಕಂಬಳಿ ಹೊದ್ದು ಮಲಗಿದ್ದವು.

"ಕೂಸಿನ ಮೈಯಾಗ ಇರಾಕ ಬಂದಾವು. ಬೀಗರಿದ್ದಂಗ. ನಡಗಿಕೋಂತ ಬಂದ ಬೀಗರನ್ನ ಹೊರಗ ಇಡ್ತಾರೇನು?"

ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಬಿಸಿ ತಾಗಿದ್ರ ಇವು ಸಾಯ್ತಾವ ಯವ್ವಾ. ತಂಪಿನಾಗ ಇದ್ರಷ್ಟ ಬದುಕ್ತಾವು," ಎಂದು ತಿಳಿಹೇಳಿ, ಬಸ್ಸು ಹಿಡಿದು ಯಲಬುರ್ಗಾಕ್ಕೆ ಹೋದ. ಮೇಲಿನವರಿಂದ ಹೊಟ್ಟೆ ತುಂಬ ಬೈಸಿಕೊಂಡ. ಇನ್ನೊಮ್ಮೆ ಕೆಡಿಸಿದರೆ ನೌಕರಿ ಮರೆತುಬಿಡು ಎಂಬ ಮಾತಿನೊಂದಿಗೆ ಬೇರೆ ಸೀಸೆಗಳು ಸಿಕ್ಕವು.

ಈ ಸಲ ಪಾರಮ್ಮನ ಕಟ್ಟೆಗೆ ಮರಳಿ, ಡಬ್ಬಿಯನ್ನು ಕಾಲುಗಳ ನಡುವೆ ಇಟ್ಟುಕೊಂಡೇ ಕುಳಿತ. ಸೂಜಿ ತಾಗಿದಾಗ ಕೂಸು ಕಿಟಾರನೆ ಕಿರುಚಿತು. ಪಾರಮ್ಮ ಅದಕ್ಕಿಂತ ಜೋರಾಗಿ ಅತ್ತಳು. ಓಣಿಯ ಕೂಸುಗಳೆಲ್ಲ ಮುಗಿದ ಮೇಲೆ ಡಬ್ಬಿಯನ್ನು ಕಟ್ಟೆಯ ಮೇಲೆ ಬಿಟ್ಟು, ನೆಮ್ಮದಿಯಿಂದ ಒಳಗೆ ಕುಳಿತು, ಪಾರಮ್ಮ ಬಡಿಸಿದ ರೊಟ್ಟಿ ಪುಂಡಿಪಲ್ಯ ಉಂಡ.

ಹೊರಗೆ ಬಂದು ಡಬ್ಬಿ ಎತ್ತಿದರೆ ಹಗುರ! ಬರ್ಫದ ಗಡ್ಡೆ ಒಂದೂ ಇಲ್ಲ. ಪಕ್ಕದೂರಿಗೆಂದು ಉಳಿಸಿದ್ದ ಸೀಸೆಗಳು ಬಿಸಿಲಲ್ಲಿ ಕಾಯುತ್ತಿದ್ದವು.

"ಬರ್ಫ ಎಲ್ಲಿ ಯವ್ವಾ?"

ಪಾರಮ್ಮ ಬಾಯಿಗೆ ಬೆರಳಿಟ್ಟು, ಸದ್ದು ಮಾಡಬೇಡವೆಂದು ತೊಟ್ಟಿಲು ತೋರಿಸಿದಳು. ಹಳೆ ಸೀರೆಯ ಚೂರುಗಳಲ್ಲಿ ಸುತ್ತಿದ ಗಡ್ಡೆಗಳ ನಡುವೆ ಕೂಸು ಕಣ್ಣರಳಿಸಿ ಕಾಲು ಬಡಿಯುತ್ತಿತ್ತು.

"ಬಿಸಿ ತಾಗಿದ್ರ ಸಾಯ್ತಾವಂತ ನೀನ ಹೇಳಿದೆಲ್ಲ? ಕೂಸಿನ ಮೈ ಬೆಚ್ಚಗೈತೋ ಯಪ್ಪಾ. ಮಗನ್ನಂತೂ ಉಳಿಸ್ಕೊಳ್ಳಲಿಲ್ಲ. ಈ ಹುಳಗಳನ್ನರ ಉಳಿಸ್ಕೋತೀನಿ."

ಗೌರೀಶ ಗಡ್ಡೆಗಳನ್ನು ಒಂದೊಂದಾಗಿ ಎತ್ತಿದ. ಕೂಸನ್ನು ಅವಳ ಮಡಿಲಿಗೆ ಹಾಕಿ, "ಒಳಗ ಹೋದ ಮ್ಯಾಲ ಅವಕ್ಕ ಬೆಚ್ಚಗನ ಬೇಕವ್ವಾ. ನೀ ಹಿಂಗ ಅಪ್ಪಿಕೊಂಡಿರು ಸಾಕು," ಎಂದ. ಆಮೇಲೆ ಸತ್ತ ಸೀಸೆಗಳನ್ನು ಹೊತ್ತು, ಯಲಬುರ್ಗಾದ ಬಸ್ಸಿಗೆ ಕಾಯುತ್ತ ನಿಂತ.