ಆಯುಧಪೂಜೆಯ ಅಪ್‌ಗ್ರೇಡು

ಮನುಷ್ಯರ ಮೇಲೆ ಕೋಪ ಮಾಡಿಕೊಳ್ಳುವುದರಲ್ಲಿ ಒಂದು ಸುಖವಿದೆ. ಅವರು ತಿರುಗಿ ಬೈಯುತ್ತಾರೆ, ನಾವು ಇನ್ನೊಂದು ಸುತ್ತು ಬೈಯುತ್ತೇವೆ, ನಾಲ್ಕು ಜನ ಸೇರುತ್ತಾರೆ, ಯಾರೋ ಹಿರಿಯರು "ಹೋಗ್ಲಿ ಬಿಡ್ರಪ್ಪಾ" ಅನ್ನುತ್ತಾರೆ, ಎಲ್ಲರೂ ಟೀ ಕುಡಿದು ಮನೆಗೆ ಹೋಗುತ್ತೇವೆ. ಕಂಪ್ಯೂಟರಿನ ಮೇಲೆ ಕೋಪ ಬಂದರೆ ಈ ಯಾವ ಸೌಕರ್ಯವೂ ಇಲ್ಲ. ಅದು ತಿರುಗಿ ಬೈಯುವುದಿಲ್ಲ, ಬೈದದ್ದನ್ನು ಕೇಳಿಸಿಕೊಳ್ಳುವುದೂ ಇಲ್ಲ. ನಾಲ್ಕು ಬಾರಿಸೋಣವೆಂದರೆ ಕೊಂಡವನು ನಾನೇ. ನನಗೋ ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಕೋಪ. ಇಂಥವನಿಗೆ ದೇವರು ಹುಡುಕಿ ಹುಡುಕಿ ತಾಳ್ಮೆಯ ಕಸುಬನ್ನೇ ಕೊಟ್ಟ. ನಾನು ಮದುವೆ ವಿಡಿಯೋ ಮಾಡುವವನು.

ದೊಡ್ಡಬಳ್ಳಾಪುರದಲ್ಲಿ ಮಗ್ಗಗಳ ಸದ್ದಿನ ನಡುವೆ ಒಂದು ಕೋಣೆಯ ಸ್ಟುಡಿಯೋ ನನ್ನದು. ಕೆಳಗಡೆ ಮಗ್ಗ ಕುಟ್ಟುತ್ತದೆ, ಮೇಲುಗಡೆ ವಿಮಾನ ಹೋಗುತ್ತದೆ. ಏರ್‌ಪೋರ್ಟು ಬಂದ ಮೇಲೆ ದೇವನಹಳ್ಳಿ ಕಡೆಯ ಛತ್ರಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಒಂದು ವಿಮಾನ ತಲೆಯ ಮೇಲೆ ಹಾದು ಹೋಗದಿದ್ದರೆ ಮುಹೂರ್ತ ಕೂಡಿಬಂದಂತೆಯೇ ಅಲ್ಲ. ಅಲ್ಲೆಲ್ಲ ನಾನು ಮಂತ್ರವನ್ನು ತೆಗೆದು ನಾದಸ್ವರ ಸೇರಿಸುತ್ತೇನೆ. ಇದು ಮೋಸವಲ್ಲ, ಕಸುಬು. ಇಂಥ ಇನ್ನೊಂದು ಕಸುಬಿನ ಗುಟ್ಟನ್ನು ನಿಮಗೆ ಹೇಳಿಬಿಡುತ್ತೇನೆ. ನಿಮ್ಮ ಮದುವೆ ವಿಡಿಯೋದಲ್ಲಿ ಇದ್ದಕ್ಕಿದ್ದಂತೆ ಮೇಲಿನಿಂದ ಗುಲಾಬಿ ದಳಗಳು ಸುರಿದರೆ, ದೇವತೆಗಳು ಹರಸುತ್ತಿದ್ದಾರೆ ಅಂದುಕೊಳ್ಳಬೇಡಿ. ಅಲ್ಲಿ ಏನೋ ಹಾಳಾಗಿದೆ ಅಂತ ಅರ್ಥ. ಕ್ಯಾಮೆರಾ ಅಲುಗಿರುತ್ತದೆ, ಯಾರದೋ ಬೆನ್ನು ಅಡ್ಡ ಬಂದಿರುತ್ತದೆ, ಇಲ್ಲವೇ ಮದುಮಗನ ಚಿಕ್ಕಪ್ಪ ಹಲ್ಲಿಗೆ ಕಡ್ಡಿ ಹಾಕುತ್ತಿರುತ್ತಾರೆ. ಅಂಥ ಕಡೆ ಹೂ ಸುರಿಸಿ ಮುಂದೆ ಹೋಗುವುದು ನನ್ನ ಪದ್ಧತಿ. ಯಾಕೆ ಹಾಳಾಗಿದೆ ಅಂತ ಎರಡನೇ ಸಲ ನೋಡುವ ಅಭ್ಯಾಸ ನನಗಿಲ್ಲ.

ಈ ಸಲದ ರಾಮಾಯಣ ಶುರುವಾದದ್ದು ತೂಬಗೆರೆಯ ಜಯಮ್ಮನವರಿಂದ. ಅವರ ಮಗಳು ಪವಿತ್ರಳನ್ನು ಆಷಾಢಕ್ಕೆ ಮುಂಚೆ ಹೊಸಕೋಟೆಗೆ ಕೊಟ್ಟಿದ್ದರು. ಅಳಿಯ ಏರ್‌ಪೋರ್ಟಿನಲ್ಲಿ ಸರಕು ಇಳಿಸುವ ಕಡೆ ಕೆಲಸದಲ್ಲಿದ್ದಾನೆ, ಒಳ್ಳೆಯ ಹುಡುಗ. ತಾಯಿಯಿಲ್ಲದ ಅವನನ್ನು ಸಾಕಿದವರು ಅದೇ ಮನೆಯಲ್ಲಿರುವ ಸೋದರತ್ತೆ, ಮುನಿಲಕ್ಷ್ಮಮ್ಮ. ಮದುವೆ ದಿನ ಬೀಗಿತ್ತಿಯರಿಗೆಲ್ಲ ಅರಿಶಿನ ಕುಂಕುಮ ಕೊಟ್ಟ ಜಯಮ್ಮ ತನಗೊಬ್ಬಳಿಗೇ ಕೊಡಲಿಲ್ಲ ಅನ್ನುವುದು ಆಕೆಯ ದೂರು. ಗಂಡ ಗಟ್ಟಿಯಾಗಿರುವ ಹೆಂಗಸನ್ನು ಕುಂಕುಮಕ್ಕೆ ಬಿಟ್ಟರೆ ಅದೇನು ಸಣ್ಣ ಮಾತೇ? ಆಕೆ ಜಗಳ ಮಾಡಲಿಲ್ಲ. ಮಾಡಿದ್ದರೆ ಆವತ್ತೇ ಮುಗಿಯುತ್ತಿತ್ತು. ಮಾತು ನಿಲ್ಲಿಸಿದರು. ನಾಲ್ಕು ತಿಂಗಳಿನಿಂದ ಪವಿತ್ರ ಕೊಟ್ಟ ಕಾಫಿಯನ್ನು ಮುಟ್ಟದೆ, ತಾವೇ ಎದ್ದು ಬೇರೆ ಮಾಡಿಕೊಂಡು ಕುಡಿಯುತ್ತಿದ್ದರು. ದೀಪಾವಳಿಗೆ ತೂಬಗೆರೆಗೆ ಕಾಲಿಡುವುದಿಲ್ಲ ಅಂತಲೂ ಹೇಳಿಬಿಟ್ಟರು. ಅತ್ತೆ ಬರದಿದ್ದರೆ ನಾನೂ ಬರುವುದಿಲ್ಲ ಅಂದ ಅಳಿಯ. ಹೊಸ ಅಳಿಯ ಮೊದಲ ದೀಪಾವಳಿಗೆ ಬರಲಿಲ್ಲ ಅಂದರೆ ತೂಬಗೆರೆಯಲ್ಲಿ ಜಯಮ್ಮ ತಲೆ ಎತ್ತಿಕೊಂಡು ಓಡಾಡುವ ಹಾಗಿಲ್ಲ.

"ಸಾಲಲ್ಲಿ ನಿಂತಿದ್ದೋರಿಗೆಲ್ಲ ನಾನೇ ಕೈಯಾರೆ ಇಟ್ಟಿದ್ದೀನಿ ಕಣಪ್ಪಾ. ನಿನ್ ವಿಡಿಯೋದಲ್ಲಿ ಇರ್ತದಲ್ಲ" ಎಂದು ಜಯಮ್ಮ ಸ್ಟುಡಿಯೋಗೆ ಬಂದು ಕಣ್ಣಲ್ಲಿ ನೀರು ತಂದುಕೊಂಡರು. ಇರುತ್ತದೆ ಎಂದೆ. ಅಷ್ಟಕ್ಕೇ ಸುಮ್ಮನಿರದೆ, ನೀವು ಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ದೇವರಾಣೆ ಎಂದೂ ಸೇರಿಸಿದೆ. ಬಿಡಿ ತುಣುಕು ತೋರಿಸಿದರೆ ಬೇಕಾದ್ದನ್ನು ಆರಿಸಿ ತಂದಿದ್ದಾರೆ ಅಂತಾರೆ, ಪೂರ್ತಿ ಮದುವೆಯೇ ಎಲ್ಲರ ಮುಂದೆ ಟೀವಿಯಲ್ಲಿ ಓಡಬೇಕು ಎಂಬುದು ಜಯಮ್ಮನ ಹಟ. ವಿಡಿಯೋ ಮುಕ್ಕಾಲು ಪಾಲು ಸಿದ್ಧವಾಗಿತ್ತು. ಆಯುಧಪೂಜೆ ಕಳೆದ ಮರುವಾರ ಕೊಡುತ್ತೇನೆಂದು ಮಾತು ಕೊಟ್ಟೆ.

ಆಯುಧಪೂಜೆಯಲ್ಲೇ ನಾನು ಕೆಟ್ಟೆ. ಗಾಡಿಗೆ ಆಯಿಲ್ ಬದಲಾಯಿಸುತ್ತೇವೆ, ಮಗ್ಗಕ್ಕೆ ಎಣ್ಣೆ ಹಾಕುತ್ತೇವೆ, ಅನ್ನ ಕೊಡುವ ಕಂಪ್ಯೂಟರಿಗೆ ಏನೂ ಇಲ್ಲವೇ ಅನ್ನಿಸಿತು. ಅದು ಆರು ತಿಂಗಳಿನಿಂದ ಮೂಲೆಯಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆ, ಹಾಕಿಕೊಳ್ಳಿ ಅಂತ ಗೋಗರೆಯುತ್ತಿತ್ತು. ಹಬ್ಬಕ್ಕೆ ಹೊಸ ಬಟ್ಟೆ ಕೇಳುವ ಮಗುವಿಗೆ ಇಲ್ಲ ಅನ್ನಬಾರದು ಎಂದು ಬೆಳಗ್ಗೆಯೇ ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಹೊಸದು ಬಂದು ಕೂತಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪೂಜೆಗೆ ಮುಂಚೆ ಕಸ ಗುಡಿಸಬೇಕಲ್ಲ! ಹಳೆಯ ಸಿಸ್ಟಮ್ಮಿನದು ಅಂತ ಒಂದು ದೊಡ್ಡ ಫೋಲ್ಡರು ಜಾಗ ತಿನ್ನುತ್ತಾ ಬಿದ್ದಿತ್ತು. ಅಟ್ಟದ ಹಳೇ ಸಾಮಾನು ಎಸೆಯುವ ಹುರುಪಿನಲ್ಲಿ ಅದನ್ನು ಅಳಿಸಿದೆ. ಕೀಬೋರ್ಡನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಮಾನಿಟರಿಗೆ ವಿಭೂತಿ ಪಟ್ಟೆ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದೆ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟಬಾರದಾದ್ದರಿಂದ ಹೊಸ ಸಿಸ್ಟಮ್ಮಿನಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುತ್ತದೋ ಇಲ್ಲವೋ ಅಂತ ನೋಡಲೂ ಇಲ್ಲ. ಕೈ ಮುಗಿದು, ಕಡಲೆಪುರಿ ತಿಂದು ಮನೆಗೆ ಹೋದೆ.

ದಶಮಿಯ ದಿನ ತೆರೆದರೆ ಪವಿತ್ರಳ ಮದುವೆ ಚೆನ್ನಾಗಿಯೇ ಶುರುವಾಯಿತು. ಗಣಪತಿ ಬಂದ, ವರಪೂಜೆ ಆಯಿತು, ಧಾರೆ ಆಯಿತು. ನಲವತ್ತೆರಡನೇ ನಿಮಿಷಕ್ಕೆ ಜಯಮ್ಮ ಕುಂಕುಮದ ತಟ್ಟೆ ಹಿಡಿದು ಬಂದರು. ಅಲ್ಲಿಗೆ ಚಿತ್ರ ನಿಂತಿತು, ತೆರೆ ಬೆಳ್ಳಗಾಯಿತು, ಸಾಫ್ಟ್‌ವೇರು ಮಾಯವಾಯಿತು. ಮತ್ತೆ ತೆರೆದೆ. ಮತ್ತೆ ಗಣಪತಿ, ಮತ್ತೆ ಧಾರೆ, ನಲವತ್ತೆರಡಕ್ಕೆ ಮತ್ತೆ ಮಾಯ. ಹೋಗುವಾಗ ಒಂದು ಚೀಟಿ ಬಿಟ್ಟು ಹೋಗುತ್ತಿತ್ತು. ಏನೋ ತಪ್ಪಾಗಿದೆ, ಮುಚ್ಚಬೇಕಾಯಿತು, ಕ್ಷಮಿಸಿ ಎಂಬ ಅರ್ಥದ್ದು. ನನಗೆ ಮೈಯೆಲ್ಲ ಉರಿದದ್ದು ಆ ಚೀಟಿಗೆ. ಏನೋ ಅಂದರೆ ಏನು? ತಪ್ಪು ಯಾರದು? ಬಾಡಿಗೆ ಮನೆಯಿಂದ ಹೊರಗೆ ಹಾಕುವವನೂ ಒಂದು ಕಾರಣ ಕೊಡುತ್ತಾನೆ. ಹೊಟ್ಟೆನೋವು, ತಲೆನೋವು, ಮೂಡಿಲ್ಲ, ಏನಾದರೂ ಹೇಳಿ ಹಾಳಾಗಿ ಹೋಗು! ಬಾಯಿ ಬಿಡದೆ ಮನುಷ್ಯನನ್ನು ಆಚೆಗೆ ದಬ್ಬುವುದು ಯಾವ ಸೀಮೆಯ ಮರ್ಯಾದೆ? ನಿಮ್ಮ ಅನುಭವ ಬರೆಯಿರಿ ಅಂತ ಕೆಳಗೊಂದು ಪೆಟ್ಟಿಗೆ ಇತ್ತು. ಅದರಲ್ಲಿ ಅಚ್ಚ ಕನ್ನಡದಲ್ಲಿ ನನ್ನ ಅನುಭವ ಬರೆದೆ. ನಮ್ಮ ತಾತ ಎತ್ತಿಗೂ ಬಳಸದ ಮಾತುಗಳಿದ್ದವು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ ಬಂತು.

ಆಮೇಲಿನ ಹತ್ತು ದಿನ ನಾನು ಮನುಷ್ಯನಾಗಿರಲಿಲ್ಲ. ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದೆ, ಎರಡು ಸಲ. ಸಹಾಯವಾಣಿಗೆ ಫೋನ್ ಮಾಡಿ ಒಂದು ಒತ್ತಿ, ಎರಡು ಒತ್ತಿ, ಮುಕ್ಕಾಲು ಗಂಟೆ ಕೊಳಲು ಕೇಳಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿ, ಆಫ್ ಮಾಡಿ ಆನ್ ಮಾಡಿದ್ದೀರಾ ಸರ್ ಎಂದಳು. ಹತ್ತು ದಿನದಿಂದ ಅದೇ ಮಾಡುತ್ತಿದ್ದೇನೆ ತಾಯಿ ಎಂದೆ. ಹಾಗಾದರೆ ಹಳೆಯ ಸಿಸ್ಟಮ್ಮಿಗೇ ವಾಪಸು ಹೋಗಿ, ಅದಕ್ಕೊಂದು ಗುಂಡಿ ಇದೆ ಎಂದಳು. ಗುಂಡಿ ಇತ್ತು, ಆದರೆ ಮಂಕಾಗಿತ್ತು. ಹಳೆಯದರ ಫೋಲ್ಡರೊಂದು ಇರಬೇಕಲ್ಲ, ಯಾರಾದರೂ ಅಳಿಸಿದರಾ ಎಂದು ಕೇಳಿದಳು. ಬೂದುಗುಂಬಳದ ವಿಷಯವನ್ನು ಅವಳಿಗೆ ಹಿಂದಿಯಲ್ಲಿ ವಿವರಿಸುವ ಶಕ್ತಿ ನನಗಿರಲಿಲ್ಲ, ಫೋನ್ ಇಟ್ಟೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಭಾಮೈದ ನಾಗೇಶ ಶಿಫ್ಟ್ ಮುಗಿಸಿಕೊಂಡು ಬಂದು, ಕಂಪ್ಯೂಟರಿನ ಡಬ್ಬದ ಮುಚ್ಚಳ ತೆಗೆದು ಒಳಗೆ ಊದಿ, ಆಯುಧಪೂಜೆಯ ಕುಂಕುಮ ಫ್ಯಾನಿನೊಳಗೆ ಹೋಗಿದೆ ಎಂದು ತೀರ್ಪು ಕೊಟ್ಟ. ಒರೆಸಿದ. ನಲವತ್ತೆರಡಕ್ಕೆ ಮತ್ತೆ ಮಾಯ. "ಇದು ನಿಮ್ ಮೇಲೇ ಏನೋ ಸೇಡಿಟ್ಕೊಂಡಂಗಿದೆ ಭಾವ" ಎಂದು ಹೇಳಿ, ನನ್ನ ಹೆಂಡತಿ ಕೊಟ್ಟ ಉಪ್ಪಿಟ್ಟು ತಿಂದು ಹೋದ. ಅವನ ಮೇಲೂ ಕೋಪ ಬಂತು. ಅವಳ ಮೇಲೂ ಬಂತು, ಉಪ್ಪಿಟ್ಟು ಯಾಕೆ ಕೊಟ್ಟೆ ಅಂತ.

ಅಷ್ಟರಲ್ಲಿ ಜಯಮ್ಮ ಇನ್ನೊಂದು ಸಲ ಬಂದರು. ದೀಪಾವಳಿಗೆ ಆರು ದಿನ ಉಳಿದಿತ್ತು. ಈ ಸಲ ಅಳಲಿಲ್ಲ, ಸ್ಟೂಲಿನ ಮೇಲೆ ಕೂತು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಪವಿತ್ರ ಫೋನ್ ಮಾಡಿದ್ದಳಂತೆ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಬೆನ್ನು ಹಾಕಿಕೊಂಡು ಎಷ್ಟು ದಿನ ಇರಲಮ್ಮ ಎಂದಳಂತೆ. ನನಗೆ ಸಂಕಟವಾಯಿತು. ಸಂಕಟವಾದರೂ ನನಗೆ ಬರುವುದು ಕೋಪವೇ ಆದ್ದರಿಂದ, ಆ ಮುನಿಲಕ್ಷ್ಮಮ್ಮನಿಗೆ ಬುದ್ಧಿ ಇಲ್ಲವೇ, ಕೊಟ್ಟ ಕುಂಕುಮವನ್ನು ಕೊಟ್ಟಿಲ್ಲ ಅಂತ ಹೇಳುವ ಹೆಂಗಸಿಗೆ ಏನನ್ನಬೇಕು ಎಂದು ಕೂಗಾಡಿ, ಜಯಮ್ಮ ಹೋದ ಮೇಲೆ ಡಬ್ಬಕ್ಕೆ ಕಾಲಿನಿಂದ ಒಂದು ಕೊಟ್ಟೆ. ಹೆಬ್ಬೆರಳು ಊದಿಕೊಂಡಿತು.

ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಸುಧಾ ಇದನ್ನು ನೋಡಿದಳು. ಅವಳು ನೇಯುವವರ ಮನೆಯ ಮಗಳು. "ಮಗ್ಗ ನಿಂತ್ರೆ ನಮ್ಮಪ್ಪ ಎಳೆ ಎಲ್ಲಿ ಹರಿದಿದೆ ಅಂತ ಹುಡುಕ್ತಿದ್ರು. ಮಗ್ಗಕ್ಕೆ ಒದ್ದಿದ್ದು ನಾನ್ ನೋಡಿಲ್ಲ" ಎಂದಳು. ದಿನಾ ಒಂದೇ ಜಾಗದಲ್ಲಿ ನಿಲ್ಲುತ್ತದೆ ಅಂತೀರಲ್ಲ, ಆ ಜಾಗದಲ್ಲಿ ಏನು ಹಾಕಿದ್ದೀರಿ ಎಂದು ಕೇಳಿದಳು. ಹೂ, ಎಂದೆ. ಹಾಗೆ ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಆ ಗುಲಾಬಿ ದಳಗಳು ಸಾಫ್ಟ್‌ವೇರಿನ ಜೊತೆ ಬಂದವಲ್ಲ. ವರ್ಷಗಳ ಹಿಂದೆ ಬೇರೆ ಕಡೆಯಿಂದ ತಂದು ಸೇರಿಸಿಕೊಂಡ ಹಳೆಯ ಸರಕು. ಹೊಸ ಸಿಸ್ಟಮ್ಮಿಗೆ ಅದು ಜೀರ್ಣವಾಗುತ್ತಿರಲಿಲ್ಲ. ಊದಿದ ಹೆಬ್ಬೆರಳನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತು, ನಲವತ್ತೆರಡನೇ ನಿಮಿಷದ ಮೇಲಿದ್ದ ಹೂವನ್ನೆಲ್ಲ ತೆಗೆದು ಓಡಿಸಿದೆ. ಓಡಿತು. ನಲವತ್ತಮೂರು, ನಲವತ್ತನಾಲ್ಕು ಸಲೀಸಾಗಿ ಓಡಿತು. ನಾನು ಕುಣಿಯುವುದೊಂದು ಬಾಕಿ.

ಸುಧಾ ಮಾತ್ರ ಕುಣಿಯಲಿಲ್ಲ. ಹಿಂದಕ್ಕೆ ಹೋಗಿ, ಅದೇ ಜಾಗ ಇನ್ನೊಂದು ಸಲ ತೋರಿಸಿ ಎಂದಳು. ಹೂವಿಲ್ಲದ ನಲವತ್ತೆರಡನೇ ನಿಮಿಷದಲ್ಲಿ ಬೀಗಿತ್ತಿಯರು ಸಾಲಾಗಿ ನಿಂತಿದ್ದರು. ಮೂರನೆಯವರು ಮುನಿಲಕ್ಷ್ಮಮ್ಮ, ಹಸಿರು ರೇಷ್ಮೆ ಸೀರೆ, ಹಣೆಯನ್ನು ಸ್ವಲ್ಪ ಮುಂದೆ ಮಾಡಿಕೊಂಡು ನಗುತ್ತಾ ಕಾಯುತ್ತಿದ್ದರು. ಜಯಮ್ಮ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಇಡುತ್ತಾ ಬರುತ್ತಿದ್ದರು. ಇನ್ನೊಬ್ಬರಾದರೆ ಇವರ ಸರದಿ. ಆಗ ಕ್ಯಾಮೆರಾದ ಪಕ್ಕದಿಂದ ಒಂದು ಕೈ ಬಂತು. ಆ ಕೈ ಮುನಿಲಕ್ಷ್ಮಮ್ಮನ ಭುಜ ಹಿಡಿದು ಅವರನ್ನು ಸಾಲಿನಿಂದ ಆಚೆಗೆ ದಬ್ಬಿತು. ಮಣಿಕಟ್ಟಿನಲ್ಲಿ ಕೆಂಪು ದಾರ, ಬೆರಳಲ್ಲಿ ನಮ್ಮ ಮಾವ ಹಾಕಿದ ಉಂಗುರ. "ಪಕ್ಕಕ್ಕೆ, ಪಕ್ಕಕ್ಕೆ" ಎಂಬ ನನ್ನದೇ ದನಿಯೂ ಇತ್ತು; ಜಯಮ್ಮನ ತಟ್ಟೆಗೆ ಅವರ ಭುಜ ಅಡ್ಡ ಬರುತ್ತಿತ್ತು. ದಿನಕ್ಕೆ ಇಪ್ಪತ್ತು ವಿಮಾನ ಹಾರುವ ಆ ದೇವನಹಳ್ಳಿ ಛತ್ರದ ಮೇಲೆ, ಆ ದನಿಯನ್ನು ಮುಚ್ಚಲು, ಆ ಗಳಿಗೆಯಲ್ಲಿ ಒಂದೂ ಹಾರಿರಲಿಲ್ಲ. ಜಯಮ್ಮ ತಲೆ ತಗ್ಗಿಸಿ ಸಾಲಿನಲ್ಲಿದ್ದ ಮುಂದಿನವರಿಗೆ ಕುಂಕುಮ ಇಟ್ಟರು. ಮುನಿಲಕ್ಷ್ಮಮ್ಮ ಒಂದು ಕ್ಷಣ ಆಚೆ ನಿಂತಿದ್ದು, ಆಮೇಲೆ ಎಲ್ಲೂ ಕಾಣಲಿಲ್ಲ.

ಇಬ್ಬರು ಹೆಂಗಸರೂ ಸುಳ್ಳು ಹೇಳಿರಲಿಲ್ಲ. ದೇವರಾಣೆ ಇಟ್ಟವನು ನಾನೊಬ್ಬನೇ. ಆ ನಾಲ್ಕು ಸೆಕೆಂಡುಗಳನ್ನು ಕತ್ತರಿಸಿ ಹಾಕಬಹುದಿತ್ತು, ಕತ್ತರಿಸುವುದೇ ನನ್ನ ಅನ್ನ. ಹಾಗೆ ಮಾಡಿದರೆ ಮುನಿಲಕ್ಷ್ಮಮ್ಮನನ್ನು ಬಿಟ್ಟು ಉಳಿದವರಿಗೆಲ್ಲ ಜಯಮ್ಮ ಕುಂಕುಮ ಕೊಡುವುದು ಮಾತ್ರ ಟೀವಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ, ಬೆರಳು ಆ ಗುಂಡಿಯ ತನಕ ಹೋಗಿತ್ತು. ಸುಧಾ ಊಟದ ಡಬ್ಬಿಯನ್ನು ಬಿಚ್ಚದೆ ಹಾಗೇ ಹಿಡಿದುಕೊಂಡು ನಿಂತಿದ್ದಳು. ನಾನು ಬೆರಳು ತೆಗೆದೆ.

ಮಾರನೆಯ ದಿನ ಬೆಳಗ್ಗೆ ತೆಂಗಿನಕಾಯಿ, ಎಲೆಅಡಿಕೆ, ಕುಂಕುಮದ ಬಟ್ಟಲು ಹಿಡಿದು ಸುಧಾ, ಪೆನ್‌ಡ್ರೈವ್ ಹಿಡಿದು ನಾನು ಹೊಸಕೋಟೆಗೆ ಹೋದೆವು. ಪವಿತ್ರ ಬಾಗಿಲು ತೆಗೆದಳು, ಮೈಯಿಳಿದಿದ್ದಳು; ನಮ್ಮನ್ನು ಒಳಕ್ಕೆ ಬಿಟ್ಟು ಅಡುಗೆಮನೆಗೆ ಹೋದಳು. ಮುನಿಲಕ್ಷ್ಮಮ್ಮ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತುಗಳು ಒಂದೂ ನೆನಪಾಗದೆ, ಟೀವಿಗೆ ಹಾಕಿ ನೇರ ನಲವತ್ತೆರಡನೇ ನಿಮಿಷಕ್ಕೆ ಹೋದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಂದು ಸಲ ಹಾಕಲು ಹೇಳಿದರು. ಟೀವಿಯಲ್ಲಿದ್ದ ಉಂಗುರವನ್ನು ನೋಡಿ, ಆಮೇಲೆ ನನ್ನ ಬೆರಳನ್ನು ನೋಡಿದರು. ತಪ್ಪಾಯಿತಮ್ಮ ಎಂದು ಕಾಲಿಗೆ ಬಿದ್ದೆ. ಸುಧಾ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ಅವರು ಹಣೆ ಮುಂದೆ ಮಾಡಿದರು, ವಿಡಿಯೋದಲ್ಲಿ ಮಾಡಿದ್ದ ಹಾಗೆಯೇ.

"ದಬ್ಬಿದ್ದಕ್ಕೆ ಬೇಜಾರಿಲ್ಲ ಕಣಪ್ಪಾ. ಮದ್ವೆ ಮನೆ ಅಂದ್ಮೇಲೆ ನೂಕುನುಗ್ಗಲು ಇದ್ದಿದ್ದೇ. ಯಾರ್ ದಬ್ಬಿದ್ರು ಅಂತ ನಾನ್ ನೋಡ್ಲಿಲ್ಲ, ಬೀಗಿತ್ತಿನೇ ದಬ್ಸಿದ್ರು ಅಂದ್ಕೊಂಡೆ. ಯಾಕೆ ಅಂತ ಬಾಯ್ಬಿಟ್ಟು ಒಂದ್ ಮಾತು ಹೇಳಿದ್ದಿದ್ರೆ ನಾನೇ ಸರ್ಕೊಂತಿದ್ದೆ" ಎಂದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಪವಿತ್ರಾ, ಇವ್ರಿಗೆ ಕಾಫಿ ತಗೊಂಬಾಮ್ಮ. ನಂಗೂ ಒಂದ್ಲೋಟ" ಎಂದು ಕೂಗಿದರು. ಒಳಗೆ ಏನೋ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಣ್ಣು ಒರೆಸಿಕೊಳ್ಳಲು ಒಂದು ನೆಪ ಬೇಕಾಗಿ, ಟೀವಿಯ ಹಿಂದಕ್ಕೆ ಹೋಗಿ ಪೆನ್‌ಡ್ರೈವ್ ಕಿತ್ತುಕೊಂಡೆ. ಮದುವೆ ಅರ್ಧಕ್ಕೇ ನಿಂತು ತೆರೆ ಕಪ್ಪಾಯಿತು. ಮುನಿಲಕ್ಷ್ಮಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನೋಡ್ತಾ ಇದ್ನಲ್ಲಪ್ಪಾ" ಎಂದರು. "ಹೇಳ್ದೆ ಕೇಳ್ದೆ ಆಫ್ ಮಾಡ್ಬಿಟ್ಟಲ್ಲ."