ತಕ್ಕಡಿ ಏರುವ ಮುನ್ನ ಶಿಶುವಿನ ಉಣ್ಣೆ ಬಿಚ್ಚುವ ಕುರಿತು

ಶಿಶು ತಪಾಸಣಾ ಶಾಖೆ, ಸರೋವರ ತೀರದ ವಲಯ, ಮ್ಯಾನಿಟೋಬಾ, ಕೆನಡಾ
ಸಂಖ್ಯೆ: ಶಿತ/ಉಣ್ಣೆ/14
ದಿನಾಂಕ: ಫೆಬ್ರವರಿ 19

ವಿಷಯ: ಬಟ್ಟೆಯ ತೂಕವನ್ನು ಮಗುವಿನ ತೂಕವೆಂದು ನಮೂದಿಸದಿರುವ ಬಗ್ಗೆ.

ಉಲ್ಲೇಖ: ದಾದಿ ಟೆಸ್ಸಾ ಅವರ ವರದಿ, ಫೆಬ್ರವರಿ 9.

ಫೆಬ್ರವರಿ 4ರಂದು 3.40 ಕಿಲೋ ತೂಕದೊಂದಿಗೆ ಜನಿಸಿದ ಹಿಲ್ದುರ್ ಎಂಬ ಶಿಶುವನ್ನು ನಾಲ್ಕನೆಯ ದಿನ ಉಣ್ಣೆಸಮೇತ ತೂಗಲಾಗಿ 4.10 ಕಿಲೋ ಬಂದಿರುತ್ತದೆ. ತಂದೆಯ ತಾಯಿ ಥೋರುನ್ ಅವರು, "ಬಿಚ್ಬೇಡ ಕಣಮ್ಮ, ಹೊರಗೆ ಮೈನಸ್ ಮೂವತ್ತೊಂದು. ಬಟ್ಟೆ ಆರುನೂರು ಗ್ರಾಂ. ಹೆಣೆದೋಳು ನಾನು, ನಂಗೊತ್ತಿಲ್ವ?" ಎಂದದ್ದನ್ನು ನಂಬಿ, ಮಗು ನೂರು ಗ್ರಾಂ ಹೆಚ್ಚಿದೆ ಎಂದು ಬರೆಯಲಾಗಿದೆ. ಮರುದಿನ ತಾಯಿ ಕಾರಾ ಫೋನಿನಲ್ಲಿ, "ನಿದ್ದೆನೇ ಬಿಡ್ತಿಲ್ಲ, ಹಾಲೂ ಕುಡೀತಿಲ್ಲ" ಎಂದು ತಿಳಿಸಿದ ಮೇಲೆ ಎಲ್ಲವನ್ನೂ ಬಿಚ್ಚಲಾಗಿ ಮಗು 3.00 ಕಿಲೋ, ಬಟ್ಟೆ 1.10 ಕಿಲೋ, ಮೈ ಹಳದಿ ಎಂದು ಕಂಡುಬಂದಿದೆ. ಶಿಶುವನ್ನು ಆಸ್ಪತ್ರೆಗೆ ಸೇರಿಸಲಾಯಿತು.

ಆದ್ದರಿಂದ ಸಂಬಂಧಪಟ್ಟವರೆಲ್ಲರೂ ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು:

1. ಮನೆಗೆ ಬಂದ ಮೂರು ದಿನಗಳೊಳಗೆ ಶಿಶುವನ್ನು ತಪಾಸಣೆಗೆ ತರತಕ್ಕದ್ದು. "ಪಾಪ, ಮಲಗಿದೆ" ಎಂಬುದು ಮುಂದೂಡಲು ಕಾರಣವಲ್ಲ. ಬೇಗ ತರಲು ಕಾರಣವಾಗಿರಬಹುದು.

2. ಶಿಶುವನ್ನು ಬರಿಮೈಯಲ್ಲಿ ತೂಗತಕ್ಕದ್ದು. "ಇದು ಬಟ್ಟೆಯಲ್ಲ, ಕಾಲುಚೀಲ" ಎಂಬ ವಾದವನ್ನು ತಿರಸ್ಕರಿಸಲಾಗಿದೆ.

3. ಹದಿನೈದು ನಿಮಿಷದ ಭೇಟಿಯಲ್ಲಿ ಹನ್ನೊಂದು ನಿಮಿಷ ಬಿಚ್ಚುವುದಕ್ಕೇ ಹೋಗುತ್ತಿರುವುದರಿಂದ, ಮೊದಲ ಐದು ಪದರಗಳನ್ನು ಹೊರಗಿನ ಬೆಂಚಿನಲ್ಲೇ ತೆಗೆಯತಕ್ಕದ್ದು. ಏಳನೆಯ ಪದರದಲ್ಲೂ ಮಗು ಸಿಗದಿದ್ದಲ್ಲಿ ಕಾರನ್ನು ಪರಿಶೀಲಿಸತಕ್ಕದ್ದು.

4. ದಾದಿಯರು ಒಬ್ಬ ಅಜ್ಜಿಯ ಹೆಣಿಗೆಯನ್ನು ಮಾತ್ರ ಹೊಗಳಕೂಡದು. ಥೋರುನ್ ಅವರ ಸ್ವೆಟರನ್ನು ಹೊಗಳಿದ್ದರಿಂದ ತಾಯಿಯ ತಾಯಿ ಒರಿಸ್ಯಾ ಅವರು ಅಲ್ಲೇ ಕುಳಿತು ಎರಡನೆಯ ಟೊಪ್ಪಿ ಆರಂಭಿಸಿರುತ್ತಾರೆ.

5. ಕೊಠಡಿಯ ಬಿಸಿಯನ್ನು ಅಜ್ಜಿಯರು ತಮ್ಮ ಮೊಣಕೈಯಿಂದ ಒಮ್ಮೆ ಪರೀಕ್ಷಿಸಬಹುದು. ದಾದಿಯ ಮೊಣಕೈ ಬಳಸುವಂತಿಲ್ಲ.

6. ತೂಗುತ್ತಿರುವಾಗ ತಕ್ಕಡಿಗೆ ಚಳಿಯಾದೀತೆಂದು ಅದಕ್ಕೆ ಕಂಬಳಿ ಹೊದಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

ಸಹಿ/-
ಅಧೀಕ್ಷಕರು

ಪ್ರತಿಗಳು:
1. ಎಲ್ಲ ದಾದಿಯರಿಗೆ, ಪಾಲನೆಗಾಗಿ.
2. ಶ್ರೀಮತಿ ಥೋರುನ್ ಮತ್ತು ಶ್ರೀಮತಿ ಒರಿಸ್ಯಾ ಅವರಿಗೆ, ಏಕಕಾಲಕ್ಕೆ.
3. ಉಣ್ಣೆ ಅಂಗಡಿಗೆ, ಸಹಕಾರ ಕೋರಿ.
4. ಕಡತಕ್ಕೆ, ಈ ಷರಾದೊಂದಿಗೆ: ಇಂದು ಬೆಳಿಗ್ಗೆ ಹಿಲ್ದುರ್ ತೂಕ, ಬರಿಮೈಯಲ್ಲಿ, 3.46 ಕಿಲೋ. ಅಜ್ಜಿಯರಿಬ್ಬರೂ ಕೊಠಡಿಯ ಹೊರಗಿದ್ದರು. ದಾದಿ ಎರಡು ಬಾರಿ ತೂಗಿದ್ದಾರೆ. ಎರಡನೆಯ ಬಾರಿ ಅಗತ್ಯವಿರಲಿಲ್ಲ. ಆಕ್ಷೇಪಣೆ ಇಲ್ಲ.